ಗುರಿ ದಾಟಿದ ಗುಂಡಿನ ಲೆಕ್ಕ

ಅಮೆರಿಕದ ಸೇನೆ 1936ರಲ್ಲಿ ಅಂಗೀಕರಿಸಿದ ಎಂ1 ಗ್ಯಾರಂಡ್ ಬಂದೂಕು ಕಾಲಾಂತರದಲ್ಲಿ ಅಲ್ಲಿನ ನಾಗರಿಕರ ಕೈ ಸೇರಿತು. ಬಳಸಿದ ಇಂಥ ಬಂದೂಕನ್ನು ಕೊಂಡು, ತೋಟಾಗಳಿಗೆ ತಾವೇ ಮದ್ದುಗುಂಡು ತುಂಬಿ ಗುರಿಮೈದಾನದಲ್ಲಿ ಪರೀಕ್ಷಿಸುವುದು ಅಲ್ಲಿ ಬೇರೂರಿದ ಹವ್ಯಾಸ. ಆ ಪರೀಕ್ಷೆಯಲ್ಲಿ ಶಿಸ್ತಿಗೆ ಕೊರತೆಯಿಲ್ಲ. ಮದ್ದನ್ನು ಕಡಿಮೆ ಪ್ರಮಾಣದಿಂದ ಆರಂಭಿಸಿ ತುಸುತುಸುವೇ ಏರಿಸುತ್ತಾರೆ. ಹಿತ್ತಾಳೆಯ ಕೋಶ ಬಿರಿದಿದೆಯೇ ಎಂದು ನೋಡುತ್ತಾರೆ. ನಿಧಾನವಾಗಿ ಉರಿಯುವ ಮದ್ದು ಬಂದೂಕಿನ ಚಾಲಕ ದಂಡವನ್ನು ಬಾಗಿಸೀತೆಂದು ಎಚ್ಚರ ವಹಿಸುತ್ತಾರೆ.

ಆದರೆ ಈ ಎಚ್ಚರವೆಲ್ಲ ಗುರಿಹಲಗೆಯವರೆಗೆ ಮಾತ್ರ. 150 ಗ್ರೇನ್ ಗುಂಡಿನ ತೂಕ ಸುಮಾರು 9.7 ಗ್ರಾಂ. ನೂರು ಗುಂಡು ಹಾರಿದರೆ ಹಿಂದಿನ ಮಣ್ಣುದಿಬ್ಬಕ್ಕೆ ಹೆಚ್ಚುಕಡಿಮೆ ಒಂದು ಕಿಲೋ ಲೋಹ ಸೇರುತ್ತದೆ; ಸಾಮಾನ್ಯ ಗುಂಡಿನಲ್ಲಿ ಅದರ ಬಹುಪಾಲು ಸೀಸ. ಮಣ್ಣು ಆಮ್ಲೀಯವಾಗಿದ್ದಷ್ಟೂ ಸೀಸ ಹೆಚ್ಚು ಕರಗುತ್ತದೆ. ಮಳೆನೀರು ಅದನ್ನು ಇಳಿಜಾರಿನ ತೊರೆಗೂ ಒಯ್ಯಬಲ್ಲದು.

ಸೀಸದ ವಿಷಕ್ಕೆ ಕಾಂಡರ್ ರಣಹದ್ದುಗಳು ಬಲಿಯಾಗುತ್ತಿದ್ದ ಕ್ಯಾಲಿಫೋರ್ನಿಯಾ ರಾಜ್ಯ, ಬೇಟೆಯಲ್ಲಿ ಸೀಸದ ಗುಂಡನ್ನು 2019ರ ಜುಲೈ 1ರಿಂದ ಪೂರ್ಣವಾಗಿ ನಿಷೇಧಿಸಿತು. ಗುರಿಮೈದಾನ ಮಾತ್ರ ಆ ನಿಷೇಧದ ಹೊರಗುಳಿಯಿತು.

ಕಾನೂನು ನಿಂತಲ್ಲಿ ವಿವೇಕ ಮುಂದುವರಿಯಬೇಕು. ದಿಬ್ಬದ ಮಣ್ಣನ್ನು ಕಾಲಕಾಲಕ್ಕೆ ಜರಡಿ ಹಿಡಿದು ಸೀಸ ತೆಗೆಯುವುದು, ಸುಣ್ಣ ಬೆರೆಸಿ ಆಮ್ಲೀಯತೆ ತಗ್ಗಿಸುವುದು ಮೈದಾನ ನಡೆಸುವವರ ಹೊಣೆ. ತೋಟಾವನ್ನು ತಾನೇ ತುಂಬುವವನ ಹೊಣೆ ಇನ್ನೂ ಹಿರಿದು. ಗುಂಡನ್ನು ಆರಿಸುವವನೂ ಅವನೇ. ತಾಮ್ರದ ಗುಂಡಿಗೆ ಬೆಲೆ ಹೆಚ್ಚು, ಮದ್ದಿನ ಅಳತೆಯನ್ನೂ ಹೊಸದಾಗಿ ಪರೀಕ್ಷಿಸಬೇಕು, ನಿಜ. ಆದರೆ ಅವನು ಮೈದಾನಕ್ಕೆ ಬಂದದ್ದೇ ಪರೀಕ್ಷೆಗಲ್ಲವೇ?