ಹುಲಿ ಬಂತು ಹುಲಿ ಅನ್ನೋ ಹಳದಿ ದೀಪ

ಅಮೆರಿಕದಲ್ಲಿ ನಾಲ್ಕು ಜನ ಕನ್ನಡಿಗರು ಒಂದು ಕಡೆ ಸೇರಿದ್ರೆ ಮಾತು ವೀಸಾ, ಮಕ್ಕಳ ಸ್ಕೂಲು, ಊರಿಗೆ ಹೋಗೋ ಟಿಕೆಟ್ಟಿನ ರೇಟು ಎಲ್ಲಾ ಮುಗಿಸಿಕೊಂಡು ಕೊನೆಗೆ ಕಾರಿಗೆ ಬಂದು ನಿಲ್ಲುತ್ತೆ. ಅದರಲ್ಲೂ ನಮ್ಮ ಮಿಷಿಗನ್ ಕಡೆ ನವೆಂಬರ್ ಬಂತು ಅಂದ್ರೆ ಒಂದು ಮಾತು ಖಾಯಂ: "ಹೊಸಾ ಟಯರ್ ಹಾಕಿಸಿದೆ ಕಣ್ರೀ, ಅವತ್ತಿಂದ ಆ ಹಳದಿ ದೀಪ ಆರ್ತಾನೇ ಇಲ್ಲ." ಅದಕ್ಕೆ ಉತ್ತರಾನೂ ಖಾಯಂ: "ಅಯ್ಯೋ ಅದಾ? ತಲೆ ಕೆಡಿಸ್ಕೋಬೇಡಿ, ನನ್ ಕಾರಲ್ಲಿ ಎರಡು ವರ್ಷದಿಂದ ಉರೀತಾ ಇದೆ!"

ಈ ಎರಡನೇ ಮಾತಿನ ಮೇಲೆ ನನಗೆ ತಕರಾರಿದೆ. ಇವತ್ತಿನ ಬರಹ ಅದರ ಬಗ್ಗೆ.

ನೋಡಿರದವರಿಗೆ ಹೇಳಿಬಿಡ್ತೀನಿ. ಡ್ಯಾಶ್‌ಬೋರ್ಡಿನಲ್ಲಿ ಕುದುರೆ ಲಾಳದ ಥರ ಒಂದು ಚಿತ್ರ, ಅದರೊಳಗೊಂದು ಆಶ್ಚರ್ಯಸೂಚಕ ಚಿಹ್ನೆ. ಟಯರನ್ನ ಅಡ್ಡಡ್ಡ ಕೊಯ್ದರೆ ಹೇಗೆ ಕಾಣುತ್ತೋ ಹಾಗೆ. ಟಯರ್ ಪ್ರೆಶರ್ ಮಾನಿಟರಿಂಗ್ ಸಿಸ್ಟಮ್, ಚಿಕ್ಕದಾಗಿ ಟಿ.ಪಿ.ಎಂ.ಎಸ್., ಅನ್ನೋದರ ದೀಪ ಇದು. ಯಾವುದಾದರೂ ಟಯರಿನಲ್ಲಿ ಗಾಳಿ ಕಮ್ಮಿ ಆದ್ರೆ ಹತ್ತಿಕೊಳ್ಳಬೇಕು. ಅಷ್ಟೇ ಇದರ ಕೆಲಸ.

ಈ ದೀಪ ಕಾರು ಕಂಪನಿಗಳ ಶೋಕಿಗೆ ಬಂದಿದ್ದಲ್ಲ, ಜನ ಸತ್ತ ಮೇಲೆ ಬಂದಿದ್ದು. 2000ದ ಆಗಸ್ಟಿನಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟಯರುಗಳನ್ನ ವಾಪಸ್ ಕರೆಸಿಕೊಳ್ತು. ಓಡ್ತಾ ಇರೋ ಗಾಡಿಯಲ್ಲಿ ಟಯರಿನ ಮೇಲಿನ ಪದರ ಕಿತ್ತುಬಂದು, ಗಾಡಿ ಪಲ್ಟಿ ಹೊಡೆದು ಅಮೆರಿಕದಲ್ಲಿ 271 ಜನ ಸತ್ತರು ಅಂತ ಸರ್ಕಾರದ ಲೆಕ್ಕ. ಬಹುಪಾಲು ಗಾಡಿಗಳು ಫೋರ್ಡ್ ಎಕ್ಸ್‌ಪ್ಲೋರರ್. ಗಾಳಿ 26 ಪಿ.ಎಸ್.ಐ. ಸಾಕು ಅಂತ ಫೋರ್ಡು, 30 ಇರಬೇಕಿತ್ತು ಅಂತ ಫೈರ್‌ಸ್ಟೋನು, ಇಬ್ಬರಿಗೂ ಜಗಳವೋ ಜಗಳ. ಗಾಳಿ ಕಮ್ಮಿ ಇದ್ದರೆ ಟಯರಿನ ಪಕ್ಕದ ಭಾಗ ಪ್ರತಿ ಸುತ್ತಿಗೂ ಜಾಸ್ತಿ ಬಾಗುತ್ತೆ, ಬಿಸಿಯಾಗುತ್ತೆ, ಕೊನೆಗೆ ಸೋಲುತ್ತೆ. ಆ ವರ್ಷ ನವೆಂಬರಿನಲ್ಲೇ ಟ್ರೆಡ್ ಆಕ್ಟ್ ಅನ್ನೋ ಕಾನೂನು ಬಂತು. 2005ರಿಂದ ಹಂತಹಂತವಾಗಿ ಶುರುವಾಗಿ, 2007ರ ಸೆಪ್ಟೆಂಬರಿನಿಂದ ಇಲ್ಲಿ ಮಾರಾಟವಾಗೋ ಪ್ರತಿ ಹೊಸ ಕಾರಿಗೂ ಈ ದೀಪ ಕಡ್ಡಾಯ ಆಯ್ತು. ಯುರೋಪಿನಲ್ಲಿ 2014ರ ನವೆಂಬರಿನಿಂದ.

ಇನ್ನು ಇದು ಕೆಲಸ ಮಾಡೋದು ಹೇಗೆ? ಹೆಚ್ಚಿನ ಕಾರುಗಳಲ್ಲಿ ರಿಮ್ಮಿನ ಒಳಗಡೆ, ವಾಲ್ವಿನ ಬುಡಕ್ಕೆ ಅಂಟಿಕೊಂಡ ಹಾಗೆ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ಇರುತ್ತೆ. ಅದರಲ್ಲಿ ಗಾಳಿಯ ಒತ್ತಡ ಅಳೆಯೋ ಚಿಪ್ಪು, ಒಂದು ರೇಡಿಯೋ, ಒಂದು ಬ್ಯಾಟರಿ. ಅಮೆರಿಕದ ಕಾರುಗಳಲ್ಲಿ ಸಾಮಾನ್ಯವಾಗಿ 315 ಮೆಗಾಹರ್ಟ್ಜ್‌ನಲ್ಲಿ ಅದು ಕಾರಿನ ಕಂಪ್ಯೂಟರಿಗೆ ವರದಿ ಒಪ್ಪಿಸ್ತಾ ಇರುತ್ತೆ. ಪ್ರತಿ ಸೆನ್ಸರಿಗೂ ಒಂದು ಐಡಿ ನಂಬರ್. ತನ್ನ ಪಟ್ಟಿಯಲ್ಲಿರೋ ನಂಬರಿನ ಮಾತನ್ನ ಮಾತ್ರ ಕಂಪ್ಯೂಟರ್ ಕೇಳುತ್ತೆ. ಇಲ್ಲದಿದ್ದರೆ ಪಕ್ಕದ ಲೇನಿನ ಕಾರಿನ ಗಾಳಿ ಹೋದ್ರೆ ನಮ್ಮ ಕಾರಲ್ಲಿ ದೀಪ ಹತ್ತಬೇಕಾಗ್ತಿತ್ತು! ಇನ್ನೊಂದು ಜಾತಿ ಇದೆ, ಅದಕ್ಕೆ ಸೆನ್ಸರೇ ಬೇಡ. ಗಾಳಿ ಕಮ್ಮಿಯಾದ ಚಕ್ರ ಸ್ವಲ್ಪ ಕುಗ್ಗಿ, ಮಿಕ್ಕವಕ್ಕಿಂತ ಜೋರಾಗಿ ತಿರುಗೋದನ್ನ ಬ್ರೇಕಿನ ಎ.ಬಿ.ಎಸ್. ಮೂಲಕವೇ ಕಂಡುಹಿಡಿಯುತ್ತೆ. ಅಂಥ ಕಾರಿಗೆ ಟಯರ್ ಬದಲಾಯಿಸಿದ ಮೇಲೆ ಸರಿಯಾಗಿ ಗಾಳಿ ಹಾಕಿ ರಿಸೆಟ್ ಮಾಡಿದ್ರೆ ಆಯ್ತು. ತಾಪತ್ರಯ ಇರೋದೆಲ್ಲ ಮೊದಲನೇ ಜಾತಿಯದರಲ್ಲಿ.

ಹಾಗಾದ್ರೆ ಟಯರ್ ಬದಲಾಯಿಸಿದ ಮೇಲೇ ಯಾಕೆ ದೀಪ ಹತ್ತುತ್ತೆ?

ಒಂದು, ಗಾಳಿ. ಅಂಗಡಿಯವನು ಕಣ್ಣಂದಾಜಿನಲ್ಲಿ ಹಾಕಿರ್ತಾನೆ. ಕಾರಿಗೆ ಬೇಕಾದ ಲೆಕ್ಕ ಡ್ರೈವರ್ ಬಾಗಿಲಿನ ಹತ್ತಿರದ ಸ್ಟಿಕ್ಕರಿನಲ್ಲಿ ಇರುತ್ತೆ. ಟಯರಿನ ಮೈಮೇಲೆ ಬರೆದಿರೋದು ಆ ಟಯರು ತಡೆಯೋ ಗರಿಷ್ಠ ಒತ್ತಡ, ಅದಲ್ಲ ಲೆಕ್ಕ.

ಎರಡು, ಕಂಪ್ಯೂಟರಿಗೆ ಹೊಸ ಸೆನ್ಸರಿನ ಪರಿಚಯ ಆಗಿರೋದಿಲ್ಲ. ಚಳಿಗಾಲಕ್ಕೆ ಅಂತ ಬೇರೆ ರಿಮ್ಮು, ಬೇರೆ ಟಯರು ಇಟ್ಟುಕೊಂಡವರಿಗೆ ಇದು ವರ್ಷಕ್ಕೆರಡು ಸಲದ ಪಾಡು. ಕೆಲವು ಕಾರು ಸ್ವಲ್ಪ ಹೊತ್ತು ಓಡಿಸಿದರೆ ತಾನೇ ಕಲಿಯುತ್ತೆ. ಕೆಲವಕ್ಕೆ ಪ್ರತಿ ಚಕ್ರದ ಹತ್ತಿರ ಒಂದು ಟೂಲ್ ಹಿಡಿದು ಕಲಿಸಬೇಕು. ನಮ್ಮ ಡೆಟ್ರಾಯಿಟ್ ಕಂಪನಿಗಳ ಕೆಲವು ಗಾಡಿಗಳು ಒಂದೊಂದು ಚಕ್ರ ಕಲಿತಾಗಲೂ ಪಾಠ ಒಪ್ಪಿಸಿದ ಹುಡುಗನ ಹಾಗೆ ಒಂದು ಸಲ ಹಾರ್ನ್ ಹೊಡೀತವೆ. ಇನ್ನು ಕೆಲವಕ್ಕೆ ಸ್ಟೀರಿಂಗ್ ಕೆಳಗಿನ ಕನೆಕ್ಟರಿಗೆ ಟೂಲ್ ಚುಚ್ಚಿ ನಂಬರು ಬರೆಯಬೇಕು.

ಮೂರು, ಏಟು. ಹಳೇ ಟಯರನ್ನ ರಿಮ್ಮಿನಿಂದ ಬಿಡಿಸೋವಾಗ ಮಷೀನಿನ ಒತ್ತಡ ವಾಲ್ವಿನ ಹತ್ತಿರ ಬಿದ್ದರೆ ಸೆನ್ಸರ್ ಲಟಕ್ ಅಂತ ಮುರಿಯುತ್ತೆ. ಕೆಲಸ ಬಲ್ಲವನು ಅದನ್ನ ತಪ್ಪಿಸಿ ಬೇರೆ ಕಡೆಯಿಂದ ಶುರು ಮಾಡ್ತಾನೆ.

ನಾಲ್ಕನೇದು ಬ್ಯಾಟರಿ. ನನ್ನ ಸಿಟ್ಟೆಲ್ಲ ಇರೋದು ಇದರ ಮೇಲೆ. ಈ ಬ್ಯಾಟರಿ ಐದರಿಂದ ಹತ್ತು ವರ್ಷ ಬರುತ್ತೆ. ಆಮೇಲೆ? ಬದಲಾಯಿಸೋ ಹಾಗಿಲ್ಲ. ನೀರು, ತೇವ, ಅದುರಾಟ ತಡೀಬೇಕು ಅಂತ ಡಬ್ಬಿಯನ್ನ ಪೂರಾ ಮುಚ್ಚಿ ಸೀಲ್ ಮಾಡಿರ್ತಾರೆ. ಬ್ಯಾಟರಿ ಸತ್ತರೆ ಸೆನ್ಸರನ್ನೇ ಎಸೀಬೇಕು, ಅದನ್ನ ತೆಗೆಯೋಕೆ ಟಯರ್ ಬಿಚ್ಚಬೇಕು.

ಈಗ ಒಂದು ಮುಖ್ಯವಾದ ವಿಷಯ. ಈ ದೀಪ ಎರಡು ಬೇರೆಬೇರೆ ಮಾತು ಆಡುತ್ತೆ. ಹತ್ತಿ ಹಾಗೇ ಉರೀತಾ ಇದ್ರೆ ಗಾಳಿ ಕಮ್ಮಿ ಅಂತ. ಕಾರು ಸ್ಟಾರ್ಟ್ ಮಾಡಿದಾಗ ಒಂದರಿಂದ ಒಂದೂವರೆ ನಿಮಿಷ ಮಿಣಮಿಣ ಅಂದು ಆಮೇಲೆ ನಿಂತು ಉರಿದರೆ, "ನನಗೇ ಕಣ್ಣು ಕಾಣ್ತಿಲ್ಲ, ಗಾಳಿ ಎಷ್ಟಿದೆಯೋ ನಾನು ಹೇಳಲಾರೆ" ಅಂತ. ಮೊದಲನೇ ನಿಮಿಷ ನೋಡದೇ ಇದ್ದವರಿಗೆ ಎರಡೂ ಒಂದೇ ಥರ ಕಾಣುತ್ತೆ. ಕಾರು ಮಾರೋವಾಗ ಇದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ.

ಹೋದ ಅಕ್ಟೋಬರಿನಲ್ಲಿ ನನ್ನ ಕಾರಿಗೆ ನಾಲ್ಕೂ ಟಯರ್ ಹಾಕಿಸಿದೆ. 2015ರ ಗಾಡಿ, ಸೆನ್ಸರುಗಳು ಕಾರಿನ ಜೊತೆ ಬಂದಿದ್ದೇ. ಅಂಗಡಿಗೆ ಹೋಗೋವಾಗ ದೀಪ ಇರಲಿಲ್ಲ. ಮನೆಗೆ ಬರೋವಾಗ ಮಿಣಮಿಣ. ತಿರುಗಿ ಹೋದೆ. ಕೌಂಟರಿನಲ್ಲಿದ್ದವನು ಗಾಳಿ ನೋಡಿ, "ಟಯರ್ ಸರಿ ಇದೆ, ನಿಮ್ಮ ಸೆನ್ಸರ್ ಹಳೇದು, ಅದರ ಆಯಸ್ಸು ಮುಗಿದಿದೆ" ಅಂದ. ಬರೋವಾಗ ಸರಿ ಇತ್ತಲ್ಲಪ್ಪಾ ಅಂದೆ. "ಬ್ಯಾಟರಿ ಯಾವಾಗ ಬೇಕಾದ್ರೂ ಸಾಯಬಹುದು ಸಾರ್" ಅಂದ. ಅವನು ಹೇಳಿದ್ದು ನಿಜವೂ ಇರಬಹುದು, ಅವನ ಹುಡುಗನ ಮಷೀನ್ ತಾಗಿದ್ದೂ ನಿಜ ಇರಬಹುದು. ಯಾವುದು ಅಂತ ಹೇಳೋದು ಹೇಗೆ? ಟಯರ್ ಬಿಚ್ಚೋಕೆ ಮುಂಚೆ ಅವರು ಸೆನ್ಸರ್ ಪರೀಕ್ಷೆ ಮಾಡಿಯೇ ಇರಲಿಲ್ಲ. ಬೇರೆ ಕಡೆ ಸೆನ್ಸರ್ ಹಾಕಿಸಿಕೊಂಡೆ. ಹೊಸಾ ಟಯರನ್ನ ಮತ್ತೆ ಬಿಚ್ಚಿ ಹಾಕಿದ ಕೂಲಿ, ಬ್ಯಾಲೆನ್ಸಿಂಗ್ ಎಲ್ಲಾ ಎರಡನೇ ಸಲ ನನ್ನ ಜೇಬಿನಿಂದಲೇ.

ಹಣದ ಮಾತು ಬಿಡಿ, ಇನ್ನೊಂದು ಕಥೆ ಕೇಳಿ. ನನ್ನ ಸ್ನೇಹಿತರೊಬ್ಬರ ಕಾರಿನಲ್ಲಿ ಟಯರ್ ಬದಲಾಯಿಸಿದಾಗಿನಿಂದ ಒಂದು ವರ್ಷ ದೀಪ ಉರೀತಾನೇ ಇತ್ತು. ಕಣ್ಣಿಗೆ ಚುಚ್ಚುತ್ತೆ ಅಂತ ಅದರ ಮೇಲೆ ಕಪ್ಪು ಟೇಪ್ ಅಂಟಿಸಿದ್ರು. ಡಿಸೆಂಬರಿನಲ್ಲಿ ಓಹಾಯೋದಿಂದ ರಾತ್ರಿ ವಾಪಸ್ ಬರ್ತಾ ಹಿಂದಿನ ಟಯರಿಗೆ ಸ್ಕ್ರೂ ಹೊಕ್ಕಿ ನಿಧಾನವಾಗಿ ಗಾಳಿ ಇಳಿದಿದೆ. ಮಿಕ್ಕ ಮೂರು ಸೆನ್ಸರ್ ಸತ್ತಿದ್ದವೋ, ಬದುಕಿದ್ದವೋ, ಏನು ಹೇಳಿದ್ರೂ ಉರೀತಾ ಇದ್ದ ದೀಪವೇ ತಾನೇ ಉರಿಯಬೇಕು? ಎಪ್ಪತ್ತು ಮೈಲಿ ಸ್ಪೀಡಿನಲ್ಲಿ ಗಾಡಿ ಎಳೆದಾಡೋಕೆ ಶುರುವಾದಾಗ ನಿಲ್ಲಿಸಿ ನೋಡಿದರೆ ಟಯರಿನ ಪಕ್ಕದ ಭಾಗ ಚಿಂದಿ. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು ನಿದ್ದೆ ಮಾಡ್ತಿದ್ರು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಹೈವೇ ಪಕ್ಕದ ಹಿಮದಲ್ಲಿ ಎರಡು ಗಂಟೆ ನಿಂತಿದ್ದನ್ನ ಆ ಮನೆಯವರು ಮರೆಯಲ್ಲ.

ಹುಲಿ ಬಂತು ಹುಲಿ ಅಂತ ದಿನಾ ಕೂಗಿದ ಹುಡುಗನ ಕಥೆ ನಾವೆಲ್ಲ ಕೇಳಿದೀವಿ. ಅಲ್ಲಿ ತಪ್ಪು ಹುಡುಗನದು. ಇಲ್ಲಿ ತಪ್ಪು, ಹತ್ತು ವರ್ಷಕ್ಕೆ ಗಂಟಲು ಕಟ್ಟೋ ಹುಡುಗನನ್ನ ಕಾವಲಿಗೆ ಇಟ್ಟು, ಬದಲಿ ಯಾವಾಗ ಬೇಕಾಗುತ್ತೆ ಅಂತ ಊರಿನವರಿಗೆ ಹೇಳದೇ ಇರೋರದು. ಜನ ಟೇಪ್ ಅಂಟಿಸೋದು ಸೋಮಾರಿತನದಿಂದಲ್ಲ. ಪ್ರತಿ ಸಲ ನೂರಾರು ಡಾಲರ್ ಕೇಳೋ ದೀಪದ ಮೇಲೆ ಅವರಿಗೆ ನಂಬಿಕೆ ಹೋಗಿರುತ್ತೆ.

ಹಾಗಾಗಿ ನನ್ನ ವಾದ ಎರಡೇ. ಮೊದಲನೇದು ಕಾರು ಮಾಡೋರಿಗೆ: ಬ್ಯಾಟರಿ ಸೀಲ್ ಮಾಡಬೇಕಾದ ಕಾರಣ ಒಪ್ಪಿಕೊಳ್ಳೋಣ. ಆದರೆ ಬ್ಯಾಟರಿ ಸೊರಗ್ತಾ ಇದೆ ಅನ್ನೋದನ್ನ ಅಂಗಡಿಯವನ ಟೂಲು ಓದಿ ಹೇಳುತ್ತಲ್ಲ, ಅದನ್ನೇ ಕಾರಿನ ಪರದೆ ಮೇಲೆ ಮುಂಚೆಯೇ ತೋರಿಸೋಕೆ ಏನು ಕಷ್ಟ? "ಮುಂದಿನ ಸಲ ಟಯರ್ ಹಾಕಿಸೋವಾಗ ಸೆನ್ಸರೂ ಹಾಕಿಸಿ" ಅಂತ ಒಂದು ಸಾಲು ಸಾಕು.

ಎರಡನೇದು ಟಯರ್ ಅಂಗಡಿಯವರಿಗೆ: ಜಾಕ್ ಹಾಕೋಕೆ ಮುಂಚೆ ನಾಲ್ಕೂ ಚಕ್ರಕ್ಕೆ ಟೂಲ್ ಹಿಡಿದು, ಫಲಿತಾಂಶವನ್ನ ಗಿರಾಕಿಗೆ ಕಾಗದದಲ್ಲಿ ಕೊಡಬೇಕು. ಐದು ನಿಮಿಷದ ಕೆಲಸ. ಇದು ಅವರಿಗೂ ಒಳ್ಳೇದೇ. ರಿಪೇರಿ ಅಂಗಡಿಯವರು ಕಾರಿನ ಸುರಕ್ಷತಾ ಸಾಧನವನ್ನ ಗೊತ್ತಿದ್ದೂ ಕೆಲಸ ಮಾಡದ ಹಾಗೆ ಮಾಡಬಾರದು ಅಂತ ಇಲ್ಲಿನ ಕಾನೂನು ಇದೆ. ಬರೋವಾಗಲೇ ಸೆನ್ಸರ್ ಸತ್ತಿದ್ದರೆ ಆ ಹೊಣೆ ಅವರ ಮೇಲೆ ಬರಲ್ಲ. ಆದರೆ ಬರೋವಾಗಲೇ ಸತ್ತಿತ್ತು ಅನ್ನೋದಕ್ಕೆ ಸಾಕ್ಷಿ ಬೇಕಲ್ಲ!

"ನಾನು ಗೇಜ್ ಇಟ್ಟುಕೊಂಡಿದೀನಿ, ತಿಂಗಳಿಗೊಮ್ಮೆ ನಾನೇ ನೋಡ್ತೀನಿ, ದೀಪ ಯಾಕೆ?" ಅನ್ನೋರಿದ್ದಾರೆ. ಅವರಿಗೆ ನನ್ನ ನಮಸ್ಕಾರ. ಗೇಜ್ ಬೇಕೇ ಬೇಕು, ಯಾಕಂದ್ರೆ ದೀಪ ಹತ್ತೋದು ಸ್ಟಿಕ್ಕರಿನ ಲೆಕ್ಕಕ್ಕಿಂತ 25 ಪರ್ಸೆಂಟ್ ಕಮ್ಮಿಯಾದ ಮೇಲೆ. 35 ಇರಬೇಕಾದ ಕಡೆ 26ಕ್ಕೆ ಇಳಿಯೋ ತನಕ ಅದು ಸುಮ್ಮನಿದ್ದರೂ ಕಾನೂನು ಪ್ರಕಾರ ಸರಿಯೇ. ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್ ಚಳಿ ಜಾಸ್ತಿಯಾದ್ರೆ ಸುಮಾರು ಒಂದು ಪಿ.ಎಸ್.ಐ. ತಾನಾಗೇ ಇಳಿಯುತ್ತೆ, ಅದನ್ನ ಹಿಡಿಯೋದು ಗೇಜೇ. ಆದರೆ ಗೇಜು ನೋಡಿದ ಮಾರನೇ ದಿನ ಹೊಕ್ಕ ಮೊಳೆಯನ್ನ ಹೇಳೋದು ದೀಪ. ಎರಡೂ ಬೇಕು.

ಇದು ಅಮೆರಿಕದವರ ಗೋಳು, ನಮಗೇನು ಅಂತ ಬೆಂಗಳೂರಿನಲ್ಲಿರೋರು ಅಂದುಕೋಬೇಡಿ. ಟಿ.ಪಿ.ಎಂ.ಎಸ್. ಮತ್ತು ಟ್ಯೂಬ್‌ಲೆಸ್ ಟಯರಿನ ಪಂಕ್ಚರ್ ಕಿಟ್ ಇದ್ದರೆ ಕಾರಿನಲ್ಲಿ ಸ್ಟೆಪ್ನಿ ಇಲ್ಲದಿದ್ದರೂ ಆಗುತ್ತೆ ಅಂತ ಭಾರತ ಸರ್ಕಾರ 2020ರಲ್ಲಿ ನಿಯಮ ಮಾಡಿದೆ. ಅಂದ್ರೆ ಡಿಕ್ಕಿಯಲ್ಲಿರೋ ಐದನೇ ಚಕ್ರದ ಜಾಗದಲ್ಲಿ ಈ ದೀಪ ಬಂದು ಕೂತಿದೆ. ಶಿರಾಡಿ ಘಾಟಿಯಲ್ಲಿ ಸ್ಟೆಪ್ನಿಯೂ ಇಲ್ಲ, ದೀಪಕ್ಕೆ ಟೇಪೂ ಅಂಟಿದೆ ಅಂದ್ರೆ ಪರಿಸ್ಥಿತಿ ಏನಾಗಬೇಡ?

ಆದ್ದರಿಂದ ಮುಂದಿನ ಸಲ ಟಯರ್ ಹಾಕಿಸೋಕೆ ಹೋದಾಗ ಕೀ ಕೊಡೋ ಮುಂಚೆ ನಾಲ್ಕು ಮಾತು ಹೇಳಿ. ಬಿಚ್ಚೋ ಮುಂಚೆ ಸೆನ್ಸರ್ ಚೆಕ್ ಮಾಡಿ, ಬ್ಯಾಟರಿ ಹೇಗಿದೆ ತೋರಿಸಿ. ವಾಲ್ವಿನ ರಬ್ಬರ್ ಸೀಲು, ನಟ್ಟು, ಒಳಗಿನ ಕೋರ್ ಹೊಸದು ಹಾಕಿ. ಸ್ಟಿಕ್ಕರಿನ ಪ್ರಕಾರ ಗಾಳಿ ಹಾಕಿ. ಕಾರಿಗೆ ಸೆನ್ಸರ್ ಕಲಿಸಿ ಆಮೇಲೆ ಕೀ ಕೊಡಿ. ಕಾರಿಗೆ ಎಂಟು ವರ್ಷ ದಾಟಿದ್ದರೆ ಟಯರಿನ ಜೊತೆಗೇ ಸೆನ್ಸರ್ ಹಾಕಿಸೋದು ಲಾಭ, ಕೂಲಿ ಒಂದೇ ಸಲ. ಮನೆಗೆ ಬರೋವಾಗ ಸ್ಟಾರ್ಟ್ ಮಾಡಿ ಮೊದಲ ಎರಡು ನಿಮಿಷ ಆ ದೀಪದ ಮೇಲೆ ಕಣ್ಣಿಡಿ. ಮಿಣುಕಿದರೆ ಅಲ್ಲಿಂದಲೇ ತಿರುಗಿಸಿ.

ಟೇಪ್ ಮಾತ್ರ ಅಂಟಿಸಬೇಡಿ. ನಿಮ್ಮೂರಿನ ಟಯರ್ ಅಂಗಡಿಗಳಲ್ಲಿ ಬಿಚ್ಚೋ ಮುಂಚೆ ಚೆಕ್ ಮಾಡೋ ಪದ್ಧತಿ ಇದೆಯಾ? ನಿಮ್ಮ ಅನುಭವ ಏನಿದ್ದರೂ ಬರೀರಿ, ಓದೋಕೆ ಕಾಯ್ತಿರ್ತೀನಿ.