ಒಂದು ವರ್ಷದ ಪ್ರಾಯೋಜನೆ ಸಾಲದು

2023ರ ಅಕ್ಟೋಬರಿನಲ್ಲಿ ಧಾರವಾಡದ ಹೊರಾಂಗಣ ಹಾರ್ಡ್ ಕೋರ್ಟುಗಳಲ್ಲಿ ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ 25,000 ಡಾಲರ್ ಬಹುಮಾನದ ಪುರುಷರ ಪಂದ್ಯಾವಳಿ ಜರುಗಿತು. ಅಂತಿಮ ಪಂದ್ಯದಲ್ಲಿ ದಿಗ್ವಿಜಯ್ ಪ್ರತಾಪ್ ಸಿಂಗ್ ಅವರನ್ನು ಮಣಿಸಿ ರಾಮ್‌ಕುಮಾರ್ ರಾಮನಾಥನ್ ಪ್ರಶಸ್ತಿ ಪಡೆದರು. ಇಂತಹ ಪಂದ್ಯಾವಳಿಗಳಿಂದ ಊರಿನ ವ್ಯಾಪಾರಕ್ಕೆ ಬರುವುದೇನು ಎಂದು ಉದ್ಯಮಿಗಳು ಕೇಳುವುದು ಸಹಜ. ಆದರೆ ಲೆಕ್ಕವನ್ನು ಮೊದಲು ಆಟಗಾರನ ಖಾತೆಯಿಂದ ಆರಂಭಿಸುವುದು ಉಚಿತ.

ಆ ವರ್ಷದ ದರದಂತೆ ಈ ದರ್ಜೆಯ ಸಿಂಗಲ್ಸ್ ವಿಜೇತನಿಗೆ 3,600 ಡಾಲರ್, ಮೊದಲ ಸುತ್ತಿನಲ್ಲೇ ಸೋತವನಿಗೆ 260 ಡಾಲರ್, ಅಂದರೆ ಸುಮಾರು 21,600 ರೂಪಾಯಿ. ವಿಮಾನ, ವಸತಿ, ತರಬೇತುದಾರರ ವೆಚ್ಚದ ಮುಂದೆ ಇದು ಅತ್ಯಲ್ಪ. ವಿದೇಶಿ ಅನಿವಾಸಿ ಆಟಗಾರನಿಗಂತೂ 1961ರ ಆದಾಯ ತೆರಿಗೆ ಕಾಯಿದೆಯು ಖರ್ಚನ್ನು ಕಳೆಯಲು ಬಿಡದೆ ಒಟ್ಟು ಗಳಿಕೆಯ ಮೇಲೆ ಶೇ. 20ರಷ್ಟು ತೆರಿಗೆ ವಿಧಿಸಿತ್ತು. ಭಾರತದ ಅಗ್ರ ಆಟಗಾರರಾಗಿದ್ದ ಸುಮಿತ್ ನಗಾಲ್ ಅವರೇ 2023ರ ಸೆಪ್ಟೆಂಬರಿನಲ್ಲಿ ತಮ್ಮ ಬ್ಯಾಂಕಿನಲ್ಲಿರುವುದು ಸುಮಾರು 900 ಯೂರೋ ಎಂದು ತಿಳಿಸಿದ್ದರು. ನಾಲ್ಕು ತಿಂಗಳ ಬಳಿಕ ಅವರು ಆಸ್ಟ್ರೇಲಿಯನ್ ಓಪನ್‌ನಲ್ಲಿ 31ನೆಯ ಶ್ರೇಯಾಂಕದ ಬುಬ್ಲಿಕ್ ಅವರನ್ನು ಸೋಲಿಸಿದರು. ಪ್ರತಿಭೆಗೆ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ದುಡಿಯುವ ಬಂಡವಾಳಕ್ಕೆ.

ಆದುದರಿಂದ ಸ್ವದೇಶದ ಪಂದ್ಯಾವಳಿಯ ನಿಜವಾದ ಲಾಭ ಬಹುಮಾನದ ಹಣವಲ್ಲ, ಉಳಿಯುವ ಪ್ರಯಾಣ ವೆಚ್ಚ ಮತ್ತು ಮನೆಯ ಬಳಿಯೇ ದೊರೆಯುವ ರ‍್ಯಾಂಕಿಂಗ್ ಅಂಕಗಳು. ಆದರೆ ಈ ಅಂಕಗಳ ಆಯುಷ್ಯ 52 ವಾರ ಮಾತ್ರ. ಮರುವರ್ಷ ಪಂದ್ಯಾವಳಿ ನಡೆಯದಿದ್ದರೆ ಗಳಿಸಿದ ಅಂಕ ಅಳಿಸಿಹೋಗುತ್ತದೆ, ಅದನ್ನು ತುಂಬಿಕೊಳ್ಳಲು ಆಟಗಾರನು ಮತ್ತೆ ಹೊರನಾಡಿನ ಹಾದಿ ಹಿಡಿಯಬೇಕಾಗುತ್ತದೆ. ಒಂದೇ ವರ್ಷದ ಪ್ರಾಯೋಜನೆಯು ಅಡಿಪಾಯ ಹಾಕಿ ಗೋಡೆ ಕಟ್ಟದೆ ಬಿಟ್ಟಂತೆ.

ಇಲ್ಲಿ ಕಂಪನಿಗಳು ಗಮನಿಸಬೇಕಾದ ಅಂಶವೊಂದುಂಟು. ಪ್ರಚಾರದ ಲಾಭಕ್ಕಾಗಿ ನೀಡುವ ಪ್ರಾಯೋಜನೆಯನ್ನು ಸಾಮಾಜಿಕ ಹೊಣೆಗಾರಿಕೆಯ ವೆಚ್ಚವೆಂದು ತೋರಿಸಲು 2021ರಲ್ಲಿ ತಿದ್ದುಪಡಿಯಾದ ನಿಯಮಗಳು ಅವಕಾಶ ನೀಡುವುದಿಲ್ಲ. ಆದರೆ 2013ರ ಕಂಪನಿ ಕಾಯಿದೆಯ ಏಳನೆಯ ಅನುಸೂಚಿಯಲ್ಲಿ ಒಲಿಂಪಿಕ್ ಕ್ರೀಡೆಗಳ ತರಬೇತಿಗೆ ಸ್ಥಾನವಿದೆ. ಟೆನಿಸ್ ಒಲಿಂಪಿಕ್ ಕ್ರೀಡೆ. ಎರಡನ್ನೂ ಬೆರೆಸದೆ ಬೇರೆ ಬೇರೆ ಖಾತೆಗಳಲ್ಲಿ ಇಡುವುದು ವಿವೇಕ: ಫಲಕದಲ್ಲಿ ಹೆಸರು ಬೇಕೆನ್ನುವವರು ಜಾಹೀರಾತು ವೆಚ್ಚದಿಂದ ಪ್ರಾಯೋಜನೆ ನೀಡಲಿ, ಹೊಣೆಗಾರಿಕೆಯ ನಿಧಿ ಬಾಲಕ ಬಾಲಕಿಯರ ತರಬೇತಿಗೆ ಸಲ್ಲಲಿ.

ಜಿಲ್ಲಾ ಕೇಂದ್ರಗಳ ವಾಣಿಜ್ಯ ಸಂಸ್ಥೆಗಳು ಕನಿಷ್ಠ ಮೂರು ವರ್ಷಗಳ ಲಿಖಿತ ಒಪ್ಪಂದಕ್ಕೆ ಸದಸ್ಯರನ್ನು ಒಗ್ಗೂಡಿಸಬೇಕು. ಒಬ್ಬರೇ ದೊಡ್ಡ ಮೊತ್ತ ಕೊಟ್ಟು ಮರುವರ್ಷ ಹಿಂದೆ ಸರಿಯುವುದಕ್ಕಿಂತ, ಹತ್ತು ಮಂದಿ ಸಣ್ಣ ಪಾಲು ಕೊಟ್ಟು ನಿಲ್ಲುವುದು ಲೇಸು. ವ್ಯಾಪಾರದಲ್ಲಿ ಸಾತತ್ಯದ ಬೆಲೆಯನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.