ಟಾರ್ಗೆಟ್ ಲೊಕೇಶನ್ ‘ಕರ್ನಾಟಕ’ ಅಂತೆ. ಹಾಗಾದ್ರೆ ನಾವ್ಯಾರು?

ಧಾರಾವಾಹಿ ಕನ್ನಡದ್ದು. ಆ್ಯಪ್‌ನಲ್ಲಿ ಆರಿಸಿಕೊಂಡ ಭಾಷೆ ಕನ್ನಡ. ಕೂತು ನೋಡ್ತಿರೋರು ಅಜ್ಜಿಯಿಂದ ಮೊಮ್ಮಗಳವರೆಗೆ ಎಲ್ಲಾ ಕನ್ನಡದವರೇ. ಮಧ್ಯದಲ್ಲಿ ಬರೋ ಜಾಹೀರಾತು ಮಾತ್ರ ಕುಂಬಳೆಯಲ್ಲಿ ಮಲಯಾಳಂ, ತಾಳವಾಡಿಯಲ್ಲಿ ತಮಿಳು, ಅಕ್ಕಲಕೋಟೆಯಲ್ಲಿ ಮರಾಠಿ, ಮಡಕಶಿರಾದಲ್ಲಿ ತೆಲುಗು. ಅದೇ ಸೋಪು, ಅದೇ ಬೈಕು, ಅದೇ ಬ್ಯಾಂಕು. ಗಡಿಯಿಂದ ಈಚೆ ಐದು ಕಿಲೋಮೀಟರ್ ಬಂದರೆ ಸಾಕು, ಅದೇ ಕಂಪನಿ ನಮ್ಮ ಜೊತೆ ಬೇರೆ ಭಾಷೆಯಲ್ಲಿ ಮಾತಾಡತ್ತೆ.

ಮೊದಲೇ ಒಂದು ಮಾತು. ಆ ಭಾಷೆಗಳ ಮೇಲೆ ನಮಗೆ ಸಿಟ್ಟಿಲ್ಲ. ಸಂತೆಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ದಿನಾ ಆಡೋ ಭಾಷೆಗಳು ಅವು. ನಮ್ಮಲ್ಲಿ ಅರ್ಧಕ್ಕರ್ಧ ಜನ ಮೂರು ಭಾಷೆ ಸರಾಗವಾಗಿ ಆಡ್ತೀವಿ, ಬೆಂಗಳೂರಿನ ಎಷ್ಟು ಜನಕ್ಕೆ ಅದು ಬರತ್ತೋ ಕೇಳಿ ನೋಡಿ. ನಮ್ಮ ತಕರಾರು ಬೇರೆ. ನಾವು ಏನು ನೋಡ್ತಿದ್ದೀವಿ, ಯಾವ ಭಾಷೆಯಲ್ಲಿ ನೋಡ್ತಿದ್ದೀವಿ ಅನ್ನೋದು ಕಣ್ಣೆದುರೇ ಇದ್ದರೂ, ‘ಇವರು ಕೇರಳದಲ್ಲಿದ್ದಾರೆ, ಅಂದ್ರೆ ಮಲಯಾಳಿಗಳು’ ಅಂತ ಯಾರೋ ಒಬ್ಬರು ತೀರ್ಮಾನ ಮಾಡಿಬಿಟ್ಟಿದ್ದಾರೆ.

ಯಾರದು? ಕೇಳಿದ್ರೆ ಎಲ್ಲರದ್ದೂ ಒಂದೇ ಉತ್ತರ: ‘ಅದು ಆಲ್ಗರಿದಮ್ ಸಾರ್, ನಮ್ಮ ಕೈಯಲ್ಲಿಲ್ಲ.’

ಸುಳ್ಳು. ಆಲ್ಗರಿದಮ್ ಆಮೇಲೆ ಬರತ್ತೆ. ಅದಕ್ಕೂ ಮೊದಲು ಒಂದು ಫಾರ್ಮ್ ಇದೆ, ಅದನ್ನ ತುಂಬೋದು ಮನುಷ್ಯರು. ಯೂಟ್ಯೂಬ್‌ನಲ್ಲಿ ವಿಡಿಯೊ ಜಾಹೀರಾತು ಹಾಕಬೇಕಾದ್ರೆ ಗೂಗಲ್ ಆ್ಯಡ್ಸ್‌ನಲ್ಲಿ ಜಾಗ ಯಾವುದು, ಭಾಷೆ ಯಾವುದು ಅಂತ ಬೇರೆ ಬೇರೆ ಕೇಳತ್ತೆ. ಎರಡು ಪ್ರಶ್ನೆ, ಎರಡು ಉತ್ತರ. ಭಾಷೆಯ ಪಟ್ಟಿಯಲ್ಲಿ ಕನ್ನಡ ಇದೆ. ಜಾಗ ಅಂದ್ರೆ ಇಡೀ ರಾಜ್ಯವೇ ಆಗಬೇಕು ಅಂತೇನೂ ಇಲ್ಲ. ಊರು ಆರಿಸಬಹುದು, ಪಿನ್‌ಕೋಡ್ ಕೊಡಬಹುದು, ಮ್ಯಾಪಿನಲ್ಲಿ ಒಂದು ಚುಕ್ಕಿ ಇಟ್ಟು ಸುತ್ತ ಇಷ್ಟು ಕಿಲೋಮೀಟರ್ ಅಂತ ವೃತ್ತ ಹಾಕಬಹುದು. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಜಾಹೀರಾತಿನಲ್ಲೂ ಇದೇ ಥರ ವೃತ್ತ ಇದೆ, ಭಾಷೆ ಆರಿಸೋ ಜಾಗವೂ ಇದೆ. ಅಂದ್ರೆ ‘ಮಂಜೇಶ್ವರ, 671323, ಕನ್ನಡ’ ಅಂತ ಹಾಕೋಕೆ ಒಂದು ನಿಮಿಷ ಸಾಕು. ‘ಹೊಸೂರು, 635109, ಕನ್ನಡ’ ಅನ್ನೋಕೂ ಅಷ್ಟೇ. ಹಾಕಲ್ಲ. ಏಜೆನ್ಸಿಯ ಮೀಡಿಯಾ ಪ್ಲಾನ್ ಶೀಟಿನಲ್ಲಿ ರಾಜ್ಯಕ್ಕೊಂದು ಸಾಲು, ಸಾಲಿಗೊಂದು ಭಾಷೆ. ಕರ್ನಾಟಕ ಅಂದ್ರೆ ಕನ್ನಡ ಫೈಲು, ಮಹಾರಾಷ್ಟ್ರ ಅಂದ್ರೆ ಮರಾಠಿ ಫೈಲು. 1956ರಲ್ಲಿ ನಕ್ಷೆ ಬರೆದವರು ಬಿಟ್ಟುಹೋದ ಕೆಲಸವನ್ನ ಇವತ್ತು ಮುಂಬೈ-ಬೆಂಗಳೂರಿನ ಎಕ್ಸೆಲ್ ಶೀಟುಗಳು ಮುಗಿಸ್ತಾ ಇವೆ.

ಇದರಲ್ಲಿ ಒಂದು ದೊಡ್ಡ ವ್ಯಂಗ್ಯ ಇದೆ, ಮೂವತ್ತು ದಾಟಿದವರಿಗೆ ನೆನಪಿರಬಹುದು. 1994ರಲ್ಲಿ ಉದಯ ಟಿವಿ ಶುರುವಾದಾಗ ಅದರ ಸಿಗ್ನಲ್ ಬರ್ತಾ ಇದ್ದದ್ದು ಉಪಗ್ರಹದಿಂದ. ಉಪಗ್ರಹಕ್ಕೆ ತಲಪಾಡಿ ಚೆಕ್‌ಪೋಸ್ಟ್ ಗೊತ್ತಿಲ್ಲ. ಮಂಗಳೂರಿಗೆ ಬಿದ್ದ ಕಿರಣ ಕಾಸರಗೋಡಿಗೂ ಬೀಳತ್ತೆ, ವಿಜಯಪುರಕ್ಕೆ ಬಿದ್ದದ್ದು ಸೊಲ್ಲಾಪುರಕ್ಕೂ ಬೀಳತ್ತೆ. ಕೇಬಲ್‌ನವನು ಆ ಚಾನೆಲ್ ಹಾಕಿದ್ರೆ ಮುಗೀತು: ಕಾರ್ಯಕ್ರಮ ಕನ್ನಡ, ನಡುವಿನ ಜಾಹೀರಾತೂ ಕನ್ನಡ. ಕರ್ನಾಟಕದ ಅಂಗಡಿಯ ಸೀರೆ ಜಾಹೀರಾತು, ಕನ್ನಡ ಸಿನಿಮಾದ ಟ್ರೇಲರು, ಎಲ್ಲಾ ಬರ್ತಿತ್ತು. ಯಾರೂ ನಮಗೋಸ್ಕರ ಕೊಟ್ಟಿದ್ದಲ್ಲ. ತಂತ್ರಜ್ಞಾನಕ್ಕೆ ನಮ್ಮನ್ನ ಬೇರೆ ಮಾಡೋಕೆ ಬರ್ತಿರಲಿಲ್ಲ, ಅಷ್ಟೇ.

ಈಗ ಬರತ್ತೆ. ಸ್ಟ್ರೀಮಿಂಗ್‌ನಲ್ಲಿ ಕಾರ್ಯಕ್ರಮ ಒಂದು ಕಡೆಯಿಂದ, ಜಾಹೀರಾತು ಇನ್ನೊಂದು ಕಡೆಯಿಂದ. ನೀವು ನೋಡ್ತಿರೋ ಹೊತ್ತಿಗೇ ನಿಮ್ಮ ಪರದೆ ಎಲ್ಲಿದೆ ಅಂತ ಲೆಕ್ಕ ಹಾಕಿ, ಆ ಜಾಗಕ್ಕೆ ದುಡ್ಡು ಕಟ್ಟಿದವರ ಜಾಹೀರಾತನ್ನ ನಡುವೆ ಸೇರಿಸ್ತಾರೆ. ಎರಡು ಮನೆಯಲ್ಲಿ ಒಂದೇ ಕಂತು ಓಡ್ತಿದ್ರೂ ಎರಡು ಜಾಹೀರಾತು. ಡಿಶ್ಶಿಗೆ ಕಾಣದ ಗೆರೆ ಈಗ ಆ್ಯಪಿಗೆ ಮೀಟರ್ ಲೆಕ್ಕದಲ್ಲಿ ಕಾಣತ್ತೆ. ಇಷ್ಟು ಸೂಕ್ಷ್ಮ ಯಂತ್ರ ನಮ್ಮ ಬೀದಿಯನ್ನ ಗುರುತಿಸಬಲ್ಲದು, ಭಾಷೆಯನ್ನ ಗುರುತಿಸೋ ಕೆಲಸಕ್ಕೆ ಮಾತ್ರ ಅದನ್ನ ಬಳಸೋರಿಲ್ಲ.

ಹಳೇ ಟಿವಿಯ ಕಾಲ ಸ್ವರ್ಗ ಆಗಿತ್ತು ಅಂತಲ್ಲ ಮತ್ತೆ. ಟಿಆರ್‌ಪಿ ಅಳೆಯೋ ಬಾರ್ಕ್ ಸಂಸ್ಥೆಯ ಮಾರುಕಟ್ಟೆ ಪಟ್ಟಿ ನೋಡಿ: ಕರ್ನಾಟಕ, ಕೇರಳ, ತಮಿಳುನಾಡು-ಪುದುಚೇರಿ, ಆಂಧ್ರ-ತೆಲಂಗಾಣ, ಮಹಾರಾಷ್ಟ್ರ-ಗೋವಾ. ಕನ್ನಡ ಚಾನೆಲ್‌ಗಳು ವಾರ ವಾರ ‘ನಾವೇ ನಂಬರ್ ಒನ್’ ಅಂತ ಎದೆ ತಟ್ಟಿಕೊಳ್ಳೋದು ಕರ್ನಾಟಕ ಅನ್ನೋ ಮೊದಲ ಡಬ್ಬಿಯ ಲೆಕ್ಕದಲ್ಲಿ. ಜತ್ತದಲ್ಲಿ ನೀವು ರಾತ್ರಿಯಿಡೀ ಕನ್ನಡ ಚಾನೆಲ್ ನೋಡಿದ್ರೂ ನೀವಿರೋದು ಮಹಾರಾಷ್ಟ್ರದ ಡಬ್ಬಿಯಲ್ಲೇ. ಎಣಿಸದೇ ಇದ್ದವರಿಗೆ ಜಾಹೀರಾತು ಯಾರು ಮಾಡ್ತಾರೆ? ಆನ್‌ಲೈನ್ ಬಂದಾಗ ಈ ಡಬ್ಬಿಗಳನ್ನ ಒಡೆಯೋ ಅವಕಾಶ ಇತ್ತು. ಅವೇ ಡಬ್ಬಿಗಳನ್ನ ಎತ್ತಿಕೊಂಡು ಹೋಗಿ ಹೊಸ ಮನೆಯಲ್ಲಿ ಜೋಡಿಸಿದ್ರು.

‘ನೀವೆಷ್ಟು ಜನ ಇದ್ದೀರಿ ಮಹಾ?’ ಅನ್ನೋ ಪ್ರಶ್ನೆ ಬರತ್ತೆ. 2011ರ ಜನಗಣತಿಯ ಪ್ರಕಾರ ತಮಿಳುನಾಡಿನಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 12.8 ಲಕ್ಷ, ಮಹಾರಾಷ್ಟ್ರದಲ್ಲಿ ಸುಮಾರು 10 ಲಕ್ಷ. ಎಲ್ಲರೂ ಗಡಿಯಲ್ಲೇ ಇದ್ದಾರೆ ಅಂತಲ್ಲ, ಚೆನ್ನೈ-ಮುಂಬೈಯಲ್ಲಿ ಇರೋರೂ ಇದರಲ್ಲಿ ಸೇರಿದ್ದಾರೆ. ಆದ್ರೂ ಈ ಎರಡು ರಾಜ್ಯದ ಲೆಕ್ಕವೇ 22 ಲಕ್ಷ ದಾಟತ್ತೆ, ಆಂಧ್ರ, ಕೇರಳ, ತೆಲಂಗಾಣ ಇನ್ನೂ ಸೇರಿಸಿಲ್ಲ. ಅದೇ ಜನಗಣತಿಯಲ್ಲಿ ಇಡೀ ಗೋವಾ ರಾಜ್ಯದ ಜನಸಂಖ್ಯೆ 14.6 ಲಕ್ಷ. ಗೋವಾವನ್ನ ಯಾವ ಏಜೆನ್ಸಿಯಾದ್ರೂ ‘ಸಣ್ಣದು, ಬಿಡಿ’ ಅನ್ನತ್ತಾ?

ದುಡ್ಡಿನ ಭಾಷೆಯಲ್ಲೇ ಮಾತಾಡೋಣ, ಅವರಿಗೆ ಅದೇ ಅರ್ಥ ಆಗೋದು. ಕಾಸರಗೋಡಿನವರು ಕಾಯಿಲೆ ಬಿದ್ರೆ ಓಡೋದು ಮಂಗಳೂರಿಗೆ. 2020ರಲ್ಲಿ ಕೊರೊನಾ ಅಂತ ತಲಪಾಡಿ ರಸ್ತೆ ಮುಚ್ಚಿದಾಗ ಎಷ್ಟು ಹಾಹಾಕಾರ ಆಯ್ತು ಅಂತ ಇಡೀ ದೇಶ ನೋಡಿದೆ. ತಾಳವಾಡಿಯವರಿಗೆ ಚಾಮರಾಜನಗರ ಹತ್ತಿರ, ಸತ್ಯಮಂಗಲಕ್ಕೆ ಹೋಗಬೇಕಾದ್ರೆ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳೀಬೇಕು. ರಾಯದುರ್ಗದವರು ಮದುವೆ ಬಟ್ಟೆಗೆ ಬಳ್ಳಾರಿಗೆ ಹೋಗ್ತಾರೆ. ಜತ್ತದವರಿಗೆ ವಿಜಯಪುರ, ಹೊಸೂರಿನವರಿಗೆ ಬೆಂಗಳೂರು ಕೂಗಳತೆ. ಈ ಊರುಗಳ ಆಸ್ಪತ್ರೆ, ಜವಳಿ ಅಂಗಡಿ, ಕಾಲೇಜುಗಳು ಜಾಹೀರಾತಿಗೆ ‘ಕರ್ನಾಟಕ’ ಅಂತ ಒತ್ತಿ, ಬೀದರಿನವರಿಗೆಲ್ಲಾ ವಿಡಿಯೊ ತೋರಿಸಿ ದುಡ್ಡು ಸುರೀತಾವೆ, ಮೂವತ್ತು ಕಿಲೋಮೀಟರ್ ದೂರದ ನಿಜವಾದ ಗಿರಾಕಿಯನ್ನ ಹೊರಗಿಡ್ತಾವೆ. ಅದು ಅವರ ನಷ್ಟ, ಅಳಲಿ. ನಮ್ಮ ಹೊಟ್ಟೆ ಉರಿಯೋದು ಮುಂದಿನ ವಿಷಯಕ್ಕೆ.

ಸಿಇಟಿ ಪ್ರವೇಶದ ನಿಯಮಗಳಲ್ಲಿ ಗಡಿನಾಡು ಕನ್ನಡಿಗರಿಗೆ ಅಂತಲೇ ಒಂದು ಕಲಮು ಇದೆ. ಅದರಲ್ಲಿ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಕಾಸರಗೋಡು, ಆದೋನಿ, ರಾಯದುರ್ಗ, ಮಡಕಶಿರಾ ಅಂತ ತಾಲೂಕುಗಳ ಹೆಸರು ಹಾಕಿ ಬರೆದಿದ್ದಾರೆ. ಅರ್ಹತೆ ಇದೆ, ಅರ್ಜಿ ಹಾಕಬಹುದು. ಆದ್ರೆ ಅರ್ಜಿಯ ಕೊನೇ ದಿನ, ದಾಖಲೆ ಏನೇನು ಬೇಕು ಅನ್ನೋ ವಿಡಿಯೊ, ಕೋಚಿಂಗ್ ಜಾಹೀರಾತು ಇದೆಲ್ಲಾ ‘ಕರ್ನಾಟಕ’ ಅನ್ನೋ ಬೇಲಿಯೊಳಗೆ ಓಡಿದ್ರೆ ಆದೋನಿಯ ಹುಡುಗಿಗೆ ಗೊತ್ತಾಗೋದು ಹೇಗೆ? ನಿಯಮದಲ್ಲಿ ಅವಳ ತಾಲೂಕಿನ ಹೆಸರಿದೆ, ಜಾಹೀರಾತಿನ ಫಾರ್ಮಿನಲ್ಲಿ ಇಲ್ಲ.

ಸರ್ಕಾರಗಳ ಜಾಹೀರಾತಂತೂ ಇನ್ನೂ ಗಂಭೀರ. 1956ರಲ್ಲೇ ಕೇಂದ್ರ ಸರ್ಕಾರ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗೆ ಒಂದು ಮೆಮೊರಾಂಡಮ್ ಮಾಡಿತ್ತು. ಒಂದು ಸ್ಥಳೀಯ ಪ್ರದೇಶದಲ್ಲಿ ಭಾಷಾ ಅಲ್ಪಸಂಖ್ಯಾತರು ಶೇ. 15ರಿಂದ 20 ಇದ್ದರೆ ಮುಖ್ಯ ಸರ್ಕಾರಿ ಪ್ರಕಟಣೆಗಳನ್ನ ಅವರ ಭಾಷೆಯಲ್ಲೂ ಕೊಡಬೇಕು ಅನ್ನೋದು ಅಲ್ಲಿಂದ ಬಂದ ತತ್ವ. ಕೇರಳದ ಅಧಿಕೃತ ಭಾಷಾ ಕಾನೂನಿನಲ್ಲೂ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರ್ಕಾರದ ಜೊತೆ ವ್ಯವಹರಿಸೋ ಹಕ್ಕಿದೆ. ಆ ಕಾಲದಲ್ಲಿ ಪ್ರಕಟಣೆ ಅಂದ್ರೆ ಕಾಗದ. ಗೋಡೆಗೆ ಅಂಟಿಸೋ ನೋಟೀಸು, ಗೆಜೆಟ್ಟು. ಇವತ್ತು ಲಸಿಕೆ, ವಿಮೆ, ವಿದ್ಯಾರ್ಥಿವೇತನ, ಮತದಾರರ ಪಟ್ಟಿ ಎಲ್ಲದರ ಪ್ರಕಟಣೆಯೂ ಹದಿನೈದು ಸೆಕೆಂಡಿನ ವಿಡಿಯೊ. ಕೇಂದ್ರ ಸರ್ಕಾರ 2023ರಲ್ಲಿ ಡಿಜಿಟಲ್ ಜಾಹೀರಾತು ನೀತಿ ತಂದು ಒಟಿಟಿ, ಸಾಮಾಜಿಕ ಜಾಲತಾಣಗಳಲ್ಲಿ ಜಾಹೀರಾತು ಕೊಡೋ ದಾರಿ ಮಾಡಿಕೊಂಡಿತು. ಕರ್ನಾಟಕವೂ 2024ರಲ್ಲಿ ತನ್ನದೇ ಡಿಜಿಟಲ್ ಜಾಹೀರಾತು ಮಾರ್ಗಸೂಚಿ ತಂದಿತು. ಸರಿ, ಹಾಗಿದ್ರೆ ಕಾಗದಕ್ಕೆ ಇದ್ದ ನಿಯಮ ಪರದೆಗೆ ಯಾಕಿಲ್ಲ? ಸೊಲ್ಲಾಪುರದ ಜಿಲ್ಲಾಧಿಕಾರಿ, ಕಾಸರಗೋಡಿನ ಜಿಲ್ಲಾಧಿಕಾರಿ, ಭಾಷಾ ಅಲ್ಪಸಂಖ್ಯಾತರ ಆಯುಕ್ತರು, ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಇವರು. ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವೂ ಶಾಲು-ಹಾರದ ಉತ್ಸವಗಳ ಖರ್ಚಿನಲ್ಲಿ ಒಂದು ಪಾಲನ್ನ ಈ ಕಡೆ ತಿರುಗಿಸಲಿ.

ಇಷ್ಟು ಬರೆದ್ರೆ ನಮ್ಮವರೇ ಕೆಲವರು ನಗ್ತಾರೆ: ‘ಜಾಹೀರಾತು ಬೇಕು ಅಂತ ಹೋರಾಟ ಮಾಡೋರನ್ನ ಇವತ್ತೇ ನೋಡಿದ್ದು. ಐದು ಸೆಕೆಂಡಿಗೆ ಸ್ಕಿಪ್ ಒತ್ತೋದು ಬಿಟ್ಟು!’ ನಗಿ ಪರವಾಗಿಲ್ಲ. ಆದ್ರೆ ಆ ಸ್ಕಿಪ್‌ನ ಹಿಂದಿನ ದುಡ್ಡು ನೋಡಿ. ಯೂಟ್ಯೂಬ್‌ನ ಉದ್ದ ವಿಡಿಯೊದಲ್ಲಿ ಜಾಹೀರಾತಿನ ಆದಾಯದ ಶೇ. 55 ವಿಡಿಯೊ ಮಾಡಿದವರಿಗೆ ಹೋಗತ್ತೆ. ಆ ಆದಾಯ ಹರಾಜಿನಲ್ಲಿ ತೀರ್ಮಾನ ಆಗೋದು: ಒಬ್ಬ ವೀಕ್ಷಕನ ಮುಂದೆ ನಿಲ್ಲೋಕೆ ಎಷ್ಟು ಜನ ಜಾಹೀರಾತುದಾರರು ಪೈಪೋಟಿ ಮಾಡ್ತಾರೋ ಅಷ್ಟು ಬೆಲೆ. ‘ಮಹಾರಾಷ್ಟ್ರದಲ್ಲಿರೋ ಕನ್ನಡ ವೀಕ್ಷಕ’ ಅನ್ನೋನನ್ನ ಯಾರೂ ಕೇಳದೇ ಇದ್ರೆ ಅವನ ಬೆಲೆ ಇಳಿಯತ್ತೆ. ಅಕ್ಕಲಕೋಟೆಯ ಹುಡುಗ ತನ್ನ ಊರಿನ ಕನ್ನಡದಲ್ಲಿ, ತನ್ನ ಊರಿನ ಜನಕ್ಕೆ ಅಂತ ಚಾನೆಲ್ ಮಾಡಿದ್ರೆ ಅವನಿಗೆ ಬರೋದು ಚಿಲ್ಲರೆ. ಒಂದು ವರ್ಷ ನೋಡ್ತಾನೆ, ಆಮೇಲೆ ಮರಾಠಿಗೋ ಹಿಂದಿಗೋ ಹೊರಳ್ತಾನೆ. ಅವನನ್ನ ಬೈಯೋಕೆ ನಮಗೆ ಬಾಯಿ ಬರಲ್ಲ. ಶಾಲೆಯಲ್ಲಿ ಕನ್ನಡ ಮೇಷ್ಟ್ರನ್ನ ತೆಗೆದಾಗ ರಸ್ತೆಗೆ ಇಳೀತೀವಿ, ಯಾಕಂದ್ರೆ ಅದು ಕಣ್ಣಿಗೆ ಕಾಣತ್ತೆ. ಇದು ಕಾಣಲ್ಲ.

ಇನ್ನು ಪರದೆ ಪರದೆಗೂ ಕಥೆ ಬೇರೆ. ಫೋನ್ ಒಬ್ಬರದ್ದು, ಟಿವಿ ಮನೆಯದ್ದು. ನಿಮ್ಮ ಫೋನ್ ಯಾವ ಭಾಷೆಯಲ್ಲಿದೆ? ಬಹುಪಾಲು ಇಂಗ್ಲಿಷ್ ಅಲ್ವಾ? ಭಾಷೆ ಅಂದಾಜಿಸುವಾಗ ಯಂತ್ರ ನೋಡೋ ಸುಳಿವುಗಳಲ್ಲಿ ಅದೂ ಒಂದು. ನೀವು ಹುಡುಕೋ ಪದ, ನೋಡೋ ವಿಡಿಯೊ ಕೂಡ ಲೆಕ್ಕಕ್ಕೆ ಬರತ್ತೆ. ಅದಕ್ಕೇ ಫೋನಿನಲ್ಲಿ ಆಗೊಮ್ಮೆ ಈಗೊಮ್ಮೆ ಕನ್ನಡ ಜಾಹೀರಾತು ಇಣುಕತ್ತೆ. ಹಾಲ್‌ನ ಸ್ಮಾರ್ಟ್ ಟಿವಿಯಲ್ಲಿ ಜಿಪಿಎಸ್ ಇಲ್ಲ. ಅದು ಹೆಚ್ಚಾಗಿ ನಂಬೋದು ಮನೆಯ ಇಂಟರ್‌ನೆಟ್ಟಿನ ಐಪಿ ವಿಳಾಸವನ್ನ, ಅದು ತೋರಿಸೋ ಊರು ಕೆಲವು ಸಲ ನಿಮ್ಮ ಊರೂ ಆಗಿರಲ್ಲ, ರಾಜ್ಯದ ಇನ್ಯಾವುದೋ ದೊಡ್ಡ ನಗರ ಆಗಿರತ್ತೆ. ಅಂದ್ರೆ ಮನೆಯಲ್ಲಿ ಬರೀ ಕನ್ನಡ ಬಲ್ಲ ಅಜ್ಜಿ ನೋಡೋ ಪರದೆಯಲ್ಲೇ ಕನ್ನಡ ಜಾಹೀರಾತು ಸಿಗೋ ಸಾಧ್ಯತೆ ಕಡಿಮೆ. ಇಂಗ್ಲಿಷೂ ಬರೋ ಮೊಮ್ಮಗನ ಪರದೆಯಲ್ಲಿ ಸ್ವಲ್ಪ ಜಾಸ್ತಿ.

ಜಾಹೀರಾತು ಕೊಡೋರಿಗೆ ನಮ್ಮ ಬೇಡಿಕೆ ಸಣ್ಣದು. ಕನ್ನಡ ಫೈಲು ಹೇಗೂ ನಿಮ್ಮ ಹತ್ತಿರ ಇದೆ, ಹೊಸದಾಗಿ ಏನೂ ಚಿತ್ರೀಕರಣ ಮಾಡಬೇಕಿಲ್ಲ. ಆ ಫೈಲಿಗೆ ‘ಕರ್ನಾಟಕ’ದ ಜೊತೆ ಈ ತಾಲೂಕುಗಳನ್ನೂ ಸೇರಿಸಿ, ಭಾಷೆಯ ಜಾಗದಲ್ಲಿ ಕನ್ನಡ ಒತ್ತಿ. ಮಲಯಾಳಂ ನೋಡೋರಿಗೆ ಮಲಯಾಳಂ ಹೋಗಲಿ, ಅದನ್ನ ನಿಲ್ಲಿಸಿ ಅಂತ ನಾವು ಹೇಳಿಲ್ಲ. ಕನ್ನಡ ಸಿನಿಮಾ ಮಾಡೋರಿಗೆ ಇದನ್ನ ಎರಡು ಸಲ ಹೇಳ್ತೀವಿ. ಪ್ಯಾನ್ ಇಂಡಿಯಾ ಉತ್ಸಾಹದಲ್ಲಿ ಕಾಸರಗೋಡಿಗೆ ಡಬ್ ಆದ ಟ್ರೇಲರ್ ಕಳಿಸಬೇಡಿ. ಮೂಲ ಭಾಷೆಯಲ್ಲಿ ಟಿಕೆಟ್ ತಗೊಂಡು ನೋಡೋ ಜನ ಇಲ್ಲಿದ್ದಾರೆ.

ಹುಡುಗರಿಗೆ, ಹುಡುಗೀರಿಗೆ: ಗೂಗಲ್ ಖಾತೆಯ ಭಾಷಾ ಪಟ್ಟಿಯಲ್ಲಿ ಕನ್ನಡವನ್ನ ಸೇರಿಸಿ, ಫೋನ್ ಪೂರ್ತಿ ಬದಲಾಯಿಸಲೇಬೇಕು ಅಂತಿಲ್ಲ. ಹಾಲ್‌ನ ಟಿವಿಯ ಭಾಷೆಯನ್ನ ಮಾತ್ರ ಇವತ್ತೇ ಕನ್ನಡಕ್ಕೆ ತಿರುಗಿಸಿ. ಮುಂದಿನ ಒಂದು ವಾರ ಕನ್ನಡ ಕಾರ್ಯಕ್ರಮದ ನಡುವೆ ಬೇರೆ ಭಾಷೆಯ ಜಾಹೀರಾತು ಬಂದಾಗಲೆಲ್ಲಾ ಒಂದು ಫೋಟೊ ತೆಗೆದು ನಮ್ಮ ಇನ್‌ಬಾಕ್ಸಿಗೆ ಹಾಕಿ. ಜೊತೆಗೆ ತಾಲೂಕು, ಫೋನಾ ಟಿವಿಯಾ, ಯಾವ ಕಂಪನಿ ಅಥವಾ ಇಲಾಖೆ, ಯಾವ ಭಾಷೆ, ಇಷ್ಟು ಬರೀರಿ. ಹೆಸರು, ಮನೆ ವಿಳಾಸ ಬೇಡ. ಸರ್ಕಾರಿ ಜಾಹೀರಾತು ಇದ್ರೆ ದಿನಾಂಕ ಮರೀಬೇಡಿ, ಅವನ್ನ ಬೇರೆ ಕಟ್ಟು ಮಾಡಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಕಳಿಸ್ತೀವಿ.